ಹಿತ್ತಲಿನ ಗೇರುಮರ: ಕರಾವಳಿ ಕರ್ನಾಟಕದ ಮನೆತೋಟದ ಒಂದು ಅಲಿಖಿತ ಚರಿತ್ರೆ

ಕರ್ನಾಟಕದ ಕೃಷಿ ಚರಿತ್ರೆಯನ್ನು ಕುರಿತ ಅಧ್ಯಯನಗಳಲ್ಲಿ ಕೆರೆ, ಭತ್ತದ ಗದ್ದೆ, ಅಡಕೆ ತೋಟ ಹಾಗೂ ಕಾಫಿ ತೋಟಗಳಿಗೆ ದೊರೆತ ಸ್ಥಾನ ಮನೆಯ ಹಿತ್ತಲಿಗೆ ದೊರೆತಿಲ್ಲ. ಇದಕ್ಕೆ ಕಾರಣವನ್ನು ಬಹುದೂರ ಹುಡುಕಬೇಕಾಗಿಲ್ಲ. ಚರಿತ್ರೆಯ ಬರವಣಿಗೆಗೆ ಆಕರವಾಗುವ ಶಾಸನ, ಕಡತ ಮತ್ತು ಲೆಕ್ಕಪತ್ರಗಳು ಬಹುಮಟ್ಟಿಗೆ ದಾನ ಮತ್ತು ಕಂದಾಯಗಳ ಸುತ್ತ ಹುಟ್ಟಿಕೊಂಡವು. ಯಾವ ಬೆಳೆಗೆ ತೆರಿಗೆ ಇತ್ತೋ ಆ ಬೆಳೆಗೆ ದಾಖಲೆ ಇದೆ. ತೆರಿಗೆಯ ಕಣ್ಣಿಗೆ ಬೀಳದ ಮರವು ಚರಿತ್ರೆಕಾರನ ಕಣ್ಣಿಗೂ ಬೀಳದೆ ಉಳಿದಿದೆ. ಕರಾವಳಿಯ ಹಿತ್ತಲುಗಳಲ್ಲಿ, ಗುಡ್ಡೆಯ ಅಂಚುಗಳಲ್ಲಿ ನಾಲ್ಕು ಶತಮಾನಗಳಿಂದ ಬೆಳೆದುಬಂದಿರುವ ಗೇರುಮರವು ಇಂತಹ ಮರಗಳಲ್ಲಿ ಮುಖ್ಯವಾದುದು.

ಗೇರಿನ ವಾಣಿಜ್ಯ ಚರಿತ್ರೆ ತಕ್ಕಮಟ್ಟಿಗೆ ದಾಖಲಾಗಿದೆ. ಮಂಗಳೂರಿನ ಕಾರ್ಖಾನೆಗಳು, ರಫ್ತಿನ ಅಂಕಿಅಂಶಗಳು, ಸಂಶೋಧನಾ ಕೇಂದ್ರಗಳ ವರದಿಗಳು ಗ್ರಂಥಾಲಯಗಳಲ್ಲಿ ಲಭ್ಯವಿವೆ. ಆದರೆ ಈ ಮರವನ್ನು ಮನೆಯ ಮಗ್ಗುಲಲ್ಲಿ ನೆಟ್ಟು, ಬೀಜವನ್ನು ಆಯ್ದು, ಕಾಯ್ದು, ಒಣಗಿಸಿ ಬಳಸಿದವರ ಅರಿವಿನ ಚರಿತ್ರೆಯನ್ನು ಯಾರೂ ಕ್ರಮವಾಗಿ ಬರೆದಿಟ್ಟಿಲ್ಲ. ಕಾರ್ಖಾನೆಯ ಚರಿತ್ರೆಯನ್ನೇ ಗೇರಿನ ಚರಿತ್ರೆಯೆಂದು ತಿಳಿಯುವುದರಿಂದ ಮೂರು ಶತಮಾನಗಳ ಮನೆತೋಟದ ಪರಂಪರೆ ಕೇವಲ ಪೀಠಿಕೆಯಾಗಿಬಿಡುತ್ತದೆ. ಪ್ರಸ್ತುತ ಪ್ರಬಂಧದಲ್ಲಿ ಭಾಷೆ, ಭೂಹಿಡುವಳಿ, ಅಡುಗೆ ಮತ್ತು ಆರೈಕೆಯ ಪದ್ಧತಿಗಳನ್ನು ಆಕರಗಳಾಗಿ ಬಳಸಿ ಆ ಪರಂಪರೆಯ ರೂಪರೇಖೆಗಳನ್ನು ಗುರುತಿಸಲು ಯತ್ನಿಸಲಾಗಿದೆ.

ಹೆಸರಿನಲ್ಲಿ ಅಡಗಿದ ಚರಿತ್ರೆ

ಗೇರು ನಮ್ಮ ನಾಡಿನ ಮೂಲದ ಮರವಲ್ಲ. ಅದರ ತವರು ದಕ್ಷಿಣ ಅಮೆರಿಕ, ವಿಶೇಷವಾಗಿ ಬ್ರೆಜಿಲ್ ದೇಶದ ಈಶಾನ್ಯ ಭಾಗ. ಅಲ್ಲಿಯ ತುಪಿ ಜನರು ಇದನ್ನು ‘ಅಕಾಜು’ ಎಂದು ಕರೆಯುತ್ತಿದ್ದರು. ಪೋರ್ಚುಗೀಸರ ಬಾಯಲ್ಲಿ ಅದು ‘ಕಾಜು’ ಆಯಿತು. ಹಿಂದಿ, ಮರಾಠಿ, ಕೊಂಕಣಿಗಳಲ್ಲಿ ಬಳಕೆಯಲ್ಲಿರುವ ‘ಕಾಜು’ ಮತ್ತು ಇಂಗ್ಲಿಷಿನ ‘ಕ್ಯಾಶ್ಯೂ’ ಎರಡೂ ಈ ಒಂದೇ ಮೂಲದಿಂದ ಬಂದವು.

ಕನ್ನಡ ಮಾತ್ರ ಈ ಹೊಸ ಹೆಸರನ್ನು ಸ್ವೀಕರಿಸಲಿಲ್ಲವೆಂಬುದು ಗಮನಾರ್ಹ. ಕನ್ನಡಿಗರು ಹೊಸ ಮರಕ್ಕೆ ತಮ್ಮಲ್ಲಿದ್ದ ಹಳೆಯ ಹೆಸರನ್ನೇ ಕೊಟ್ಟರು. ‘ಕೇರು’ ಅಥವಾ ‘ಗೇರು’ ಎಂಬುದು ಮೊದಲಿಗೆ ಸಂಸ್ಕೃತದ ಭಲ್ಲಾತಕಕ್ಕೆ, ಅಂದರೆ ಮಡಿವಾಳರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ ಕಪ್ಪು ಕಾಯಿಯ ಮರಕ್ಕೆ ಸಲ್ಲುತ್ತಿದ್ದ ಹೆಸರು. ಚರಕಸಂಹಿತೆಯ ಕಾಲದಿಂದಲೂ ಔಷಧವಾಗಿ ಪ್ರಸಿದ್ಧವಾದ ಈ ಮರವನ್ನು ಇಂದು ಪ್ರತ್ಯೇಕಿಸಿ ಹೇಳಬೇಕಾದಾಗ ‘ಕರಿಗೇರು’, ‘ಗುಡ್ಡೆಗೇರು’ ಎನ್ನುತ್ತೇವೆ. ಎರಡೂ ಮರಗಳಿಗಿರುವ ಸಾಮ್ಯ ಹಳ್ಳಿಗರ ಕಣ್ಣಿಗೆ ಮರೆಯಾಗುವಂಥದಲ್ಲ. ಎರಡರಲ್ಲಿಯೂ ಉಬ್ಬಿದ ತೊಟ್ಟೇ ಹಣ್ಣಿನಂತೆ ಕಾಣುತ್ತದೆ. ನಿಜವಾದ ಕಾಯಿ ಅದರ ತುದಿಯಲ್ಲಿ ಅಂಟಿಕೊಂಡಿರುತ್ತದೆ. ಕಾಯಿಯ ಸಿಪ್ಪೆಯಲ್ಲಿ ಮೈಸುಡುವ ಎಣ್ಣೆಯಿರುತ್ತದೆ. ಇಂದಿನ ಸಸ್ಯಶಾಸ್ತ್ರವೂ ಇವೆರಡನ್ನೂ ಮಾವಿನೊಡನೆ ಒಂದೇ ಕುಟುಂಬದಲ್ಲಿ ಇರಿಸುತ್ತದೆ.

‘ಗೋಡಂಬಿ’ ಎಂಬ ಶಬ್ದದ ಕಥೆಯೂ ಇಂಥದೇ. ಮರಾಠಿಯಲ್ಲಿ ಇಂದಿಗೂ ‘ಗೋಡಂಬಿ’ ಎಂದರೆ ಭಲ್ಲಾತಕದ ಬೀಜದೊಳಗಿನ ತಿರುಳು. ಅದೇ ಶಬ್ದ ಕನ್ನಡದಲ್ಲಿ ವಿದೇಶಿ ಬೀಜದ ತಿರುಳಿಗೆ ಸಲ್ಲುತ್ತದೆ. ಮರಾಠಿಯ ‘ಬಿಬ್ಬಾ’ ಭಲ್ಲಾತಕವಾದರೆ ನಮ್ಮ ಕರಾವಳಿಯ ಕೊಂಕಣಿಗರ ಅಡುಗೆಮನೆಯ ‘ಬಿಬ್ಬೊ’ ಎಳೆಯ ಗೇರುಬೀಜವೇ ಆಗಿದೆ. ತೆಲುಗಿನಲ್ಲಿ ‘ಜೀಡಿ’ ಭಲ್ಲಾತಕ, ‘ಜೀಡಿಮಾಮಿಡಿ’ ಗೇರು. ಹೀಗೆ ಒಂದಕ್ಕೊಂದು ಹೊಂದಿಕೊಂಡ ಮೂರು ಭಾಷೆಗಳ ಜನರು ಒಂದೇ ರೀತಿಯಲ್ಲಿ ಯೋಚಿಸಿರುವುದು ಕಾಣುತ್ತದೆ. ಮಲೆಯಾಳದಲ್ಲಿ ಮಾತ್ರ ‘ಪರಂಗಿಮಾವು’, ‘ಕಪ್ಪಲ್‌ಮಾವು’ ಎಂಬ ಹೆಸರುಗಳು ಮರದ ವಿದೇಶಿ ಮೂಲವನ್ನೂ ಅದು ಬಂದ ಹಡಗನ್ನೂ ನೆನಪಿನಲ್ಲಿ ಉಳಿಸಿಕೊಂಡಿವೆ.

ಈ ವಿಷಯದಲ್ಲಿ ಯುರೋಪಿನ ಪಂಡಿತರೂ ನಮ್ಮ ಹಳ್ಳಿಗರ ಹಾದಿಯನ್ನೇ ತುಳಿದರು. ಅಲ್ಲಿಯ ಹಳೆಯ ವೈದ್ಯ ಗ್ರಂಥಗಳಲ್ಲಿ ‘ಅನಕಾರ್ಡಿಯಂ’ ಎಂದರೆ ಪೂರ್ವದೇಶದ ಭಲ್ಲಾತಕವೇ ಆಗಿತ್ತು. 1753ರಲ್ಲಿ ಲಿನ್ನೇಯಸನು ಆ ಹೆಸರನ್ನು ಗೇರಿಗೆ ಕೊಟ್ಟು, ಪಶ್ಚಿಮದ್ದು ಎಂಬರ್ಥದ ವಿಶೇಷಣವನ್ನು ಸೇರಿಸಿ ‘ಅನಕಾರ್ಡಿಯಂ ಆಕ್ಸಿಡೆಂಟೇಲ್’ ಎಂದು ಕರೆದನು. ಹೆಸರನ್ನು ಕಳೆದುಕೊಂಡ ಭಲ್ಲಾತಕಕ್ಕೆ ಅವನ ಮಗನು ‘ಸೆಮಿಕಾರ್ಪಸ್ ಅನಕಾರ್ಡಿಯಂ’ ಎಂಬ ಹೆಸರನ್ನಿಟ್ಟನು. ಲ್ಯಾಟಿನ್‌ನಲ್ಲಿ ಆದಂತೆ ಕನ್ನಡದಲ್ಲಿಯೂ ಹೊಸಬ ಹಳಬನ ಹೆಸರನ್ನು ಪಡೆದುಕೊಂಡು, ಹಳಬನಿಗೆ ವಿಶೇಷಣ ಅಂಟಿಕೊಂಡಿತು. ಶಬ್ದದ ಈ ಪಲ್ಲಟವು ಒಂದು ಚಾರಿತ್ರಿಕ ಸಂಗತಿಯನ್ನು ಸೂಚಿಸುತ್ತದೆ. ಒಂದು ಮರವು ಅಂಗಡಿಯ ಸರಕಾಗಿ ಮಾತ್ರ ಬಂದಿದ್ದರೆ ವ್ಯಾಪಾರಿಯ ಹೆಸರೇ ಉಳಿಯುವ ಸಂಭವ ಹೆಚ್ಚು. ಗೇರು ಇಲ್ಲಿಯ ಜನರ ಕೈಯಲ್ಲಿ ಗಿಡವಾಗಿ, ಮರವಾಗಿ, ಪರಿಚಿತ ಮರವೊಂದರ ಬಂಧುವಾಗಿ ನೆಲೆಸಿದ್ದರಿಂದಲೇ ಅದಕ್ಕೆ ನೆಲದ ಹೆಸರು ದಕ್ಕಿತೆಂದು ಭಾವಿಸಬಹುದು.

ಕಡಲಾಚೆಯಿಂದ ಹಿತ್ತಲಿಗೆ

ಗೇರು ಭಾರತಕ್ಕೆ ಬಂದ ಕಾಲವನ್ನು ಸಾಮಾನ್ಯವಾಗಿ 16ನೆಯ ಶತಮಾನದ ಮೂರನೆಯ ಪಾದವೆಂದು ಹೇಳಲಾಗುತ್ತದೆ. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಗಾರ್ಸಿಯ ದ ಓರ್ತನ ಸಂವಾದ ಗ್ರಂಥವು ಭಲ್ಲಾತಕವನ್ನು ಚರ್ಚಿಸುತ್ತದೆ. ಗೇರಿನ ಪ್ರಸ್ತಾಪ ಅದರಲ್ಲಿಲ್ಲ. 1578ರಲ್ಲಿ ಪ್ರಕಟವಾದ ಕ್ರಿಸ್ತೋವಾಂವ್ ದ ಕೋಸ್ತನ ಗ್ರಂಥದಲ್ಲಿ ಕೊಚ್ಚಿಯಲ್ಲಿ ಕಂಡ ಗೇರುಮರದ ವರ್ಣನೆ ದೊರೆಯುತ್ತದೆ. 1682ರಲ್ಲಿ ಹೊರಬಂದ ಹೋರ್ಟಸ್ ಮಲಬಾರಿಕಸ್ ಗ್ರಂಥದ ಮೂರನೆಯ ಸಂಪುಟದಲ್ಲಿ ‘ಕಪ ಮಾವ’ ಎಂಬ ಹೆಸರಿನಲ್ಲಿ ಅದರ ಚಿತ್ರವೂ ವಿವರಣೆಯೂ ಇವೆ. ಈ ಮೂರು ಗ್ರಂಥಗಳನ್ನು ಒಟ್ಟಿಗೆ ನೋಡಿದಾಗ, ಸುಮಾರು ನೂರು ವರ್ಷಗಳಲ್ಲಿ ಗೇರು ಅಪರೂಪದ ಮರವೆಂಬ ಸ್ಥಿತಿಯಿಂದ ಮಲಬಾರಿನ ಸಸ್ಯಸಂಪತ್ತಿನ ಅಂಗವೆಂಬ ಸ್ಥಿತಿಗೆ ಬಂದುದು ವಿದಿತವಾಗುತ್ತದೆ.

ಪೋರ್ಚುಗೀಸರು ಗೇರನ್ನು ಮಣ್ಣಿನ ಸವಕಳಿ ತಡೆಯುವುದಕ್ಕಾಗಿ ತಂದರೆಂಬ ಮಾತು ಕೃಷಿ ಸಾಹಿತ್ಯದಲ್ಲಿ ಪದೇ ಪದೇ ಕಾಣಿಸಿಕೊಳ್ಳುತ್ತದೆ. ಈ ಅಭಿಪ್ರಾಯವನ್ನು ಎಚ್ಚರಿಕೆಯಿಂದ ಪರಿಶೀಲಿಸಬೇಕಾಗಿದೆ. ಕೋಸ್ತನು ಗೇರನ್ನು ನೋಡಿದ್ದು ಹಣ್ಣಿನ ಮರವಾಗಿ. ಬೋಳು ಗುಡ್ಡದ ರಕ್ಷಕನಾಗಿ ಅಲ್ಲ. ಮಣ್ಣಿನ ಸಂರಕ್ಷಣೆಗಾಗಿ ಗುಡ್ಡಗಳಲ್ಲಿ ಗೇರನ್ನು ವ್ಯಾಪಕವಾಗಿ ನೆಟ್ಟದ್ದು 20ನೆಯ ಶತಮಾನದ ಅರಣ್ಯ ಇಲಾಖೆಗಳು. ತಮ್ಮ ಕಾಲದ ಉದ್ದೇಶವನ್ನು ನಾನೂರು ವರ್ಷಗಳ ಹಿಂದಿನ ನಾವಿಕರಿಗೆ ಆರೋಪಿಸುವುದು ಚರಿತ್ರೆಯ ವಿಧಾನಕ್ಕೆ ಒಪ್ಪುವುದಿಲ್ಲ. ಗೇರು ಮೊದಲು ಬಂದು ನೆಲೆಸಿದ್ದು ತೋಟದಲ್ಲಿ, ಬಳಿಕ ಹಿತ್ತಲಿನಲ್ಲಿ. ಗುಡ್ಡವನ್ನು ಅದು ಏರಿದ್ದು ಆಮೇಲೆ ಎಂಬ ಕ್ರಮವೇ ಹೆಚ್ಚು ಸಂಭಾವ್ಯವೆನಿಸುತ್ತದೆ.

ಕನ್ನಡ ಕರಾವಳಿಗೆ ಅದು ತಲಪಿದ ದಾರಿಗಳು ಒಂದಕ್ಕಿಂತ ಹೆಚ್ಚಾಗಿರಬಹುದು. 1568–69ರಲ್ಲಿ ಪೋರ್ಚುಗೀಸರು ಮಂಗಳೂರು, ಹೊನ್ನಾವರ ಮತ್ತು ಬಸರೂರುಗಳಲ್ಲಿ ಕೋಟೆಗಳನ್ನು ಹಿಡಿದರು. 17ನೆಯ ಶತಮಾನದ ನಡುಭಾಗದಲ್ಲಿ ಕೆಳದಿಯ ಶಿವಪ್ಪನಾಯಕನು ಅವರನ್ನು ಈ ನೆಲೆಗಳಿಂದ ಹೊರದೂಡುವವರೆಗೆ ಗೋವೆಗೂ ಈ ಬಂದರುಗಳಿಗೂ ಅಕ್ಕಿ ಮತ್ತು ಮೆಣಸಿನ ಸಂಪರ್ಕ ಬಿಗಿಯಾಗಿತ್ತು. ಅದೇ ಕಾಲದಲ್ಲಿ ಗೋವೆಯಿಂದ ಸಾರಸ್ವತರೂ ಕ್ರೈಸ್ತರೂ ತಂಡತಂಡವಾಗಿ ದಕ್ಷಿಣಕ್ಕೆ ಬಂದು ನೆಲೆಸಿದರು. ಗೇರುಬೀಜವು ಹಗುರ, ಒಣಗಿಸಿದರೆ ತಿಂಗಳುಗಟ್ಟಲೆ ಮೊಳೆಯುವ ಶಕ್ತಿಯನ್ನು ಕಳೆದುಕೊಳ್ಳದು, ಗಂಟಿನಲ್ಲಿ ಕಟ್ಟಿ ಒಯ್ಯಬಹುದಾದ ವಸ್ತು. ಕೋಟೆಯ ಮೂಲಕ ಬಂದಂತೆಯೇ ವಲಸೆಗಾರರ ಗಂಟಿನ ಮೂಲಕವೂ ಅದು ಬಂದಿರುವ ಸಾಧ್ಯತೆಯನ್ನು ಅಲ್ಲಗಳೆಯಲಾಗದು.

ಹಿತ್ತಲು, ಕುಮ್ಕಿ ಮತ್ತು ಒಕ್ಕಲು

ಕರಾವಳಿಯ ವಾಸದ ಸ್ವರೂಪ ಬಯಲುಸೀಮೆಯ ಸ್ವರೂಪಕ್ಕಿಂತ ಭಿನ್ನವಾದುದು. ಇಲ್ಲಿ ಮನೆಗಳು ಒತ್ತೊತ್ತಾಗಿ ಊರು ಕಟ್ಟುವುದಿಲ್ಲ; ಒಂದೊಂದು ಮನೆಯೂ ತನ್ನ ಗದ್ದೆಯ ಅಂಚಿನಲ್ಲಿ, ಗುಡ್ಡೆಯ ಬುಡದಲ್ಲಿ ಬೇರೆಯಾಗಿ ನಿಲ್ಲುತ್ತದೆ. ತಗ್ಗಿನಲ್ಲಿ ಬೈಲು, ಅದರ ಮೇಲೆ ಮಜಲು, ಇನ್ನೂ ಮೇಲೆ ಬೆಟ್ಟು ಗದ್ದೆ. ನೀರಿನಾಸರೆ ಇದ್ದಲ್ಲಿ ತೆಂಗು ಮತ್ತು ಅಡಕೆಯ ಬಾಗಾಯ್ತು. ಅದರಾಚೆ ಮುರಕಲ್ಲಿನ ಗುಡ್ಡೆ. 1807ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಫ್ರಾನ್ಸಿಸ್ ಬುಕಾನನ್ ಈ ಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರನ್ನು ಕೊಟ್ಟನೆಂಬುದು ಪ್ರಸಿದ್ಧ. ಅವನ ಗ್ರಂಥದಲ್ಲಿ ಕನ್ನಡ ಜಿಲ್ಲೆಯ ತೆಂಗು, ಅಡಕೆ, ಮೆಣಸಿನ ತೋಟಗಳಿಗೆ ದೊರೆತಿರುವ ವಿಸ್ತಾರವನ್ನು ನೋಡಿದರೆ, ಕಂಪನಿ ಸರಕಾರದ ಆಸಕ್ತಿ ಯಾವ ಮರಗಳ ಮೇಲಿತ್ತೆಂಬುದು ಸ್ಪಷ್ಟವಾಗುತ್ತದೆ.

ಬಾಗಾಯ್ತಿಗೂ ಗುಡ್ಡೆಗೂ ನಡುವೆ ಇರುವ ಜಾಗವೇ ಹಿತ್ತಲಿನ ಮತ್ತು ಕುಮ್ಕಿಯ ಜಾಗ. ವರ್ಗದ ಭೂಮಿಯಿಂದ ನೂರು ಗಜದೊಳಗಿನ ಸರಕಾರಿ ಬಂಜರಿನಲ್ಲಿ ಸೊಪ್ಪು, ಸೌದೆ, ಹುಲ್ಲು ತೆಗೆಯುವ ವರ್ಗದಾರನ ಹಕ್ಕಿಗೆ ದಕ್ಷಿಣ ಕನ್ನಡದಲ್ಲಿ ಕುಮ್ಕಿ ಎಂದು ಹೆಸರು. ಉತ್ತರ ಕನ್ನಡದ ಬೆಟ್ಟ, ಕೊಡಗಿನ ಬಾಣೆ ಇವು ಇಂತಹದೇ ಸೌಲಭ್ಯಗಳು. 1964ರ ಕರ್ನಾಟಕ ಭೂಕಂದಾಯ ಕಾಯಿದೆಯೂ ಈ ಸೌಲಭ್ಯಗಳನ್ನು ಮಾನ್ಯ ಮಾಡಿತು. ನೀರು ಬೇಡದ, ಗೊಬ್ಬರ ಕೇಳದ, ದನ ತಿನ್ನದ ಗೇರಿಗೆ ಈ ನೆಲ ಹೇಳಿಮಾಡಿಸಿದಂತಿತ್ತು.

ಭೂಹಿಡುವಳಿಯ ದೃಷ್ಟಿಯಿಂದಲೂ ಗೇರಿಗೆ ವಿಶೇಷ ಸ್ಥಾನವಿತ್ತು. 1974ರ ಭೂಸುಧಾರಣಾ ತಿದ್ದುಪಡಿಗೆ ಮುನ್ನ ಈ ಜಿಲ್ಲೆಯ ಬೇಸಾಯಗಾರರಲ್ಲಿ ಬಹುಮಂದಿ ಗೇಣಿ ಒಕ್ಕಲುಗಳಾಗಿದ್ದರು. ಮೂಲಗೇಣಿದಾರನಿಗೆ ಶಾಶ್ವತ ಹಕ್ಕಿತ್ತು. ಚಾಲಗೇಣಿದಾರನನ್ನು ಒಡೆಯನು ಎಬ್ಬಿಸಬಹುದಿತ್ತು. ಅಡಕೆ ಮತ್ತು ತೆಂಗು ಫಲಕೊಡಲು ಆರೇಳು ವರ್ಷ ಬೇಕು, ನಿತ್ಯ ನೀರು ಬೇಕು, ಬಂಡವಾಳ ಬೇಕು. ನಾಳೆಯ ಭರವಸೆಯಿಲ್ಲದ ಚಾಲಗೇಣಿದಾರನಿಗೆ ಅವು ದೂರದ ಮಾತು. ಬೀಜ ಊರಿದ ಮೂರು ನಾಲ್ಕು ವರ್ಷಗಳಲ್ಲಿ ಫಲಕೊಡುವ, ಖರ್ಚಿಲ್ಲದ ಗೇರುಮರ ಅಂಥವನ ಕೈಗೆಟುಕುವ ಮರವಾಗಿತ್ತು. ಗೇರು ಕರಾವಳಿಯಲ್ಲಿ ಅಷ್ಟೊಂದು ಹರಡಿದ್ದಕ್ಕೆ ಮಣ್ಣಿನ ಗುಣದಷ್ಟೇ ಈ ಸಾಮಾಜಿಕ ಸ್ಥಿತಿಯೂ ಕಾರಣವಾಗಿರಬೇಕೆಂದು ತರ್ಕಿಸಬಹುದು. ಅಡಕೆ ಒಡೆಯನ ಮರವಾದರೆ ಗೇರು ಒಕ್ಕಲಿನ ಮರವೆಂದು ಸ್ಥೂಲವಾಗಿ ಹೇಳಬಹುದಾಗಿದೆ.

ಬೀಜದ ಆಯ್ಕೆ ಮತ್ತು ಆರೈಕೆಯ ಅರಿವು

ಗೇರು ತಾನಾಗಿ ಬೆಳೆಯುವ ಮರ, ಅದಕ್ಕೆ ಆರೈಕೆ ಬೇಡ ಎಂಬ ಮಾತು ರೂಢಿಯಲ್ಲಿದೆ. ಮನೆಮನೆಯ ಪದ್ಧತಿಗಳನ್ನು ಗಮನಿಸಿದರೆ ಈ ಮಾತು ಪೂರ್ಣ ಸತ್ಯವಲ್ಲವೆಂದು ತಿಳಿಯುತ್ತದೆ. ಒಳ್ಳೆಯ ಫಲದ ಮರವನ್ನು ಗುರುತಿಸಿ, ಹಂಗಾಮಿನ ನಡುವೆ ಬಿದ್ದ ತೂಕದ ಬೀಜಗಳನ್ನು ಬೇರೆಯಾಗಿ ತೆಗೆದು, ಬಿಸಿಲಿಗೆ ಒಣಗಿಸಿ ಬಿತ್ತನೆಗೆ ಇಡುವ ಪದ್ಧತಿಯಿತ್ತು. ಬಿತ್ತುವ ಮೊದಲು ನೀರಿಗೆ ಹಾಕಿ, ತೇಲಿದ್ದನ್ನು ಬಿಟ್ಟು ಮುಳುಗಿದ್ದನ್ನು ಆರಿಸಲಾಗುತ್ತಿತ್ತು. ಮುಳುಗುವ ಬೀಜ ತುಂಬಿದ ತಿರುಳಿನ ಬೀಜ. ಅದು ಬೇಗ ಮೊಳೆತು ಪುಷ್ಟವಾದ ಸಸಿಯಾಗುತ್ತದೆ. ಆಧುನಿಕ ಕೃಷಿ ವಿಜ್ಞಾನವೂ ಇದೇ ಪರೀಕ್ಷೆಯನ್ನು ಶಿಫಾರಸು ಮಾಡಿತು. ಮುಂಗಾರಿನ ಮೊದಲ ಮಳೆಗಳಲ್ಲಿ ಸಣ್ಣ ಗುಂಡಿಗೆ ಎರಡು ಮೂರು ಬೀಜಗಳನ್ನು ಊರಿ, ಬದುಕಿದವುಗಳಲ್ಲಿ ಒಂದನ್ನು ಉಳಿಸಲಾಗುತ್ತಿತ್ತು. ಕಿತ್ತು ನೆಟ್ಟರೆ ತಾಯಿಬೇರಿಗೆ ಪೆಟ್ಟಾಗುವುದರಿಂದ ಇದ್ದಲ್ಲೇ ಊರುವುದು ವಾಡಿಕೆ.

ಮರ ಬೆಳೆದ ಮೇಲಿನ ಆರೈಕೆ ಹಂಗಾಮಿನ ಲಯಕ್ಕೆ ಹೊಂದಿಕೊಂಡಿತ್ತು. ನವೆಂಬರಿನಿಂದ ಫೆಬ್ರವರಿಯವರೆಗೆ ಚಿಗುರು ಮತ್ತು ಹೂ. ಫೆಬ್ರವರಿಯಿಂದ ಮೇ ತಿಂಗಳವರೆಗೆ ಫಲ. ಬೀಜ ಬೀಳುವ ಮೊದಲು ಮರದ ಬುಡದ ಪೊದೆ ಸವರಿ, ತರಗೆಲೆ ಗುಡಿಸಿ ನೆಲವನ್ನು ಚೊಕ್ಕಟವಾಗಿಸಬೇಕು. ಇಲ್ಲವಾದರೆ ಬಿದ್ದ ಬೀಜ ಕಾಣದು. ಗುಡಿಸಿದ ಎಲೆ ಕೊಟ್ಟಿಗೆಗೆ ಹೋಗಿ ಗೊಬ್ಬರವಾಗಿ ಗದ್ದೆ ಸೇರುತ್ತಿತ್ತು. ನೆಲಕ್ಕೆ ತಾಗುವ ಕೆಳಗೊಂಬೆಗಳನ್ನು ಕಡಿದು ಸೌದೆ ಮಾಡಲಾಗುತ್ತಿತ್ತು. ಕಾಂಡದ ಬುಡದಿಂದ ಅಂಟು ಸುರಿದು ಮರದ ಹುಡಿ ಉದುರಿದರೆ ಒಳಗೆ ಕೊರಕ ಹುಳ ಸೇರಿದೆಯೆಂದು ಗುರುತಿಸಿ, ತೊಗಟೆ ಕೆತ್ತಿ ಹುಳವನ್ನು ತೆಗೆಯಬೇಕಿತ್ತು. ಬೇರಿನವರೆಗೆ ಹಬ್ಬಿದ ಮೇಲೆ ಮರ ಉಳಿಯುವುದಿಲ್ಲ. ಎಲೆಗಳನ್ನು ನೂಲಿನಿಂದ ಹೆಣೆದು ಗೂಡು ಕಟ್ಟುವ ಕೆಂಪು ಚಿಗಳಿ ಇರುವೆಗಳು ಬೀಜ ಆಯುವವರನ್ನು ಕಚ್ಚಿ ಪೀಡಿಸಿದರೂ, ಚಿಗುರಿನ ರಸ ಹೀರುವ ಟೀ ಸೊಳ್ಳೆಯನ್ನು ಹತೋಟಿಯಲ್ಲಿಡುವುದರಲ್ಲಿ ಅವುಗಳ ಪಾತ್ರವಿದೆಯೆಂಬುದನ್ನು ಇತ್ತೀಚಿನ ಸಂಶೋಧನೆಗಳು ತೋರಿಸಿಕೊಟ್ಟಿವೆ.

ಈ ಕೆಲಸಗಳಲ್ಲಿ ಹೆಚ್ಚಿನ ಪಾಲು ಹೆಂಗಸರದು ಮತ್ತು ಮಕ್ಕಳದು. ಬೆಳಗಿನ ಹೊತ್ತು ಬಿದ್ದ ಹಣ್ಣುಗಳನ್ನು ಹೆಕ್ಕಿ, ಬೀಜವನ್ನು ತಿರುಚಿ ಬೇರ್ಪಡಿಸಿ, ಅಂಗಳದಲ್ಲಿ ಎರಡು ಮೂರು ದಿನ ಒಣಗಿಸಿ ಗೋಣಿಯಲ್ಲಿ ತುಂಬುವುದು ಅವರ ಹೊಣೆ. ಎಳೆಯ ಹಸಿರು ಬೀಜವನ್ನು ಸೀಳಿ ತಿರುಳು ತೆಗೆದು ತೊಂಡೆಕಾಯಿಯೊಡನೆ ಮಾಡುವ ಪಲ್ಯ ಕರಾವಳಿಯ ವಸಂತಕಾಲದ ವಿಶಿಷ್ಟ ಅಡುಗೆ. ಸಿಪ್ಪೆಯ ಸೊನೆ ಕೈಯನ್ನು ಸುಡುವುದರಿಂದ ಎಣ್ಣೆ ಅಥವಾ ಬೂದಿ ಸವರಿಕೊಂಡು ಈ ಕೆಲಸ ಮಾಡಬೇಕು. ಒಣಗಿದ ಬೀಜವನ್ನು ಕೆಂಡದಲ್ಲಿ ಸುಟ್ಟು ಒಡೆದು ತಿನ್ನುವುದು ಮಳೆಗಾಲದ ವಾಡಿಕೆ. ಮಣ್ಣು ಸವರಿ ಕಾಪಿಟ್ಟ ಹಲಸಿನ ಬೀಜದ ಜತೆಗೆ ಸುಟ್ಟ ಗೇರುಬೀಜವೂ ಆಟಿ ತಿಂಗಳ ಕೊರತೆಯ ದಿನಗಳಲ್ಲಿ ಹೊಟ್ಟೆಗೆ ಒದಗುತ್ತಿತ್ತು. ಬೀಜಗಳನ್ನು ಸಾಲಾಗಿ ನಿಲ್ಲಿಸಿ ದೂರದಿಂದ ಹೊಡೆದು ಗೆಲ್ಲುವ ಮಕ್ಕಳ ಆಟವೂ ಈ ಹಂಗಾಮಿನದೇ. ಊರ ಅಂಗಡಿಯಲ್ಲಿ ಒಂದಿಷ್ಟು ಬೀಜ ಕೊಟ್ಟು ಸಾಮಾನು ತರುವ ಪದ್ಧತಿ ಇತ್ತೀಚಿನವರೆಗೂ ಇತ್ತು. ಗಂಡಸಿನ ಲೆಕ್ಕದ ಪುಸ್ತಕಕ್ಕೆ ಸೇರದ ಈ ಆದಾಯ ಹೆಂಗಸಿನ ಕೈಯ ಚಿಕ್ಕ ಸ್ವಾತಂತ್ರ್ಯವಾಗಿತ್ತೆಂಬುದನ್ನು ಕುಟುಂಬದ ಆರ್ಥಿಕ ಚರಿತ್ರೆಯನ್ನು ಬರೆಯುವವರು ಗಮನಿಸಬೇಕಾಗಿದೆ.

ಕಾರ್ಖಾನೆಯ ಕಾಲ

1920ರ ದಶಕದಲ್ಲಿ ಮಂಗಳೂರು ಮತ್ತು ಕೊಲ್ಲಂಗಳಲ್ಲಿ ಗೇರುಬೀಜ ಸಂಸ್ಕರಣೆಯು ಉದ್ಯಮದ ರೂಪವನ್ನು ತಳೆಯಿತು. ಅಮೆರಿಕದ ಮಾರುಕಟ್ಟೆ ಇದಕ್ಕೆ ಮುಖ್ಯ ಪ್ರೇರಣೆ. ಸಾಗಣೆಯಲ್ಲಿ ತಿರುಳು ಹುಳು ಹಿಡಿಯುವುದನ್ನು ತಪ್ಪಿಸಲು ಡಬ್ಬಿಯಿಂದ ಗಾಳಿ ತೆಗೆದು ಇಂಗಾಲಾಮ್ಲ ಅನಿಲವನ್ನು ತುಂಬುವ ಕ್ರಮ ಬಳಕೆಗೆ ಬಂದ ಮೇಲೆ ರಫ್ತು ಸುಗಮವಾಯಿತು. ಒಂದು ಪೌಂಡಿಗೆ ಎಷ್ಟು ಇಡಿ ತಿರುಳು ತೂಗುತ್ತದೆಯೆಂಬುದರ ಮೇಲೆ 180, 210, 240, 320 ಎಂಬ ದರ್ಜೆಗಳು ರೂಢಿಗೆ ಬಂದವು. ಸಿಪ್ಪೆಯ ಎಣ್ಣೆ ಬಣ್ಣ, ವಾರ್ನಿಷ್ ಮತ್ತು ವಾಹನಗಳ ಬ್ರೇಕ್ ಪಟ್ಟಿಗಳ ತಯಾರಿಕೆಗೆ ಒದಗಿತು. ಹಿತ್ತಲಿನಲ್ಲಿ ಬೀಜ ಹೆಕ್ಕುತ್ತಿದ್ದ ಹೆಂಗಸರೇ ಕಾರ್ಖಾನೆಯಲ್ಲಿ ಸಿಪ್ಪೆ ಒಡೆಯುವ, ಪೊರೆ ಸುಲಿಯುವ, ದರ್ಜೆ ವಿಂಗಡಿಸುವ ಕೂಲಿಗಳಾದರು. ಕೆಲಸದ ಸ್ವರೂಪ ಬದಲಾಗಲಿಲ್ಲ. ಬೀಜದ ಒಡೆತನ ಮಾತ್ರ ಬದಲಾಯಿತು.

ಕಾರ್ಖಾನೆಗಳ ಹಸಿವಿಗೆ ಕರಾವಳಿಯ ಹಿತ್ತಲುಗಳು ಸಾಲದಾದವು. ಪೂರ್ವ ಆಫ್ರಿಕದ ಮೊಜಾಂಬಿಕ್ ಮತ್ತು ಟಾಂಜಾನಿಯಗಳಿಂದ ಹಸಿಬೀಜ ಹಡಗಿನಲ್ಲಿ ಬರತೊಡಗಿತು. ಆ ದೇಶಗಳು ತಾವೇ ಸಂಸ್ಕರಣೆಗೆ ತೊಡಗಿದಾಗ ಪೂರೈಕೆಯಲ್ಲಿ ಬಿಕ್ಕಟ್ಟು ಉಂಟಾಯಿತು. 1955ರಲ್ಲಿ ರಫ್ತು ಉತ್ತೇಜನ ಮಂಡಲಿಯೂ 1970ರಲ್ಲಿ ಆಮದನ್ನು ನಿರ್ವಹಿಸುವ ಭಾರತೀಯ ಗೇರು ನಿಗಮವೂ ಸ್ಥಾಪನೆಗೊಂಡವು. ಪರದೇಶದ ಬೀಜವನ್ನು ಅವಲಂಬಿಸುವ ಸ್ಥಿತಿ ಇಂದಿಗೂ ಪೂರ್ಣವಾಗಿ ನೀಗಿಲ್ಲ. ತಿರುಳಿನ ರಫ್ತಿನಲ್ಲಿ ಭಾರತಕ್ಕಿದ್ದ ಪ್ರಥಮ ಸ್ಥಾನವನ್ನು 2006ರ ಸುಮಾರಿಗೆ ವಿಯೆಟ್ನಾಂ ಪಡೆದುಕೊಂಡಿತು.

ಬೀಜದ ಗಿಡದಿಂದ ಕಸಿ ಗಿಡಕ್ಕೆ

ಉತ್ಪಾದನೆಯನ್ನು ಹೆಚ್ಚಿಸುವ ಅಗತ್ಯದಿಂದ ಸಂಶೋಧನೆ ಆರಂಭವಾಯಿತು. 1950ರ ದಶಕದ ಆದಿಯಲ್ಲಿ ಉಳ್ಳಾಲದಲ್ಲಿ ಗೇರು ಸಂಶೋಧನಾ ಕೇಂದ್ರ ಕಾರ್ಯಪ್ರವೃತ್ತವಾಯಿತು. ವಿಟ್ಲದ ಕೇಂದ್ರದಲ್ಲಿ ನಡೆಯುತ್ತಿದ್ದ ಕೆಲಸದ ಮುಂದುವರಿಕೆಯಾಗಿ 1986ರಲ್ಲಿ ಪುತ್ತೂರಿನಲ್ಲಿ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರ ಸ್ಥಾಪನೆಗೊಂಡು, ಬಳಿಕ ಗೇರು ಸಂಶೋಧನಾ ನಿರ್ದೇಶನಾಲಯವಾಯಿತು. ಗೇರು ಪರಕೀಯ ಪರಾಗಸ್ಪರ್ಶದ ಮರವಾದುದರಿಂದ ಬೀಜದಿಂದ ಹುಟ್ಟಿದ ಗಿಡ ತಾಯಿಯ ಗುಣವನ್ನು ಪೂರ್ಣವಾಗಿ ಪಡೆಯುವುದಿಲ್ಲ. ಒಂದೇ ಮರದ ಹತ್ತು ಬೀಜಗಳಿಂದ ಹತ್ತು ಬಗೆಯ ಮರಗಳಾಗಬಹುದು. ಎಳೆಕಾಂಡದ ಕಸಿಯ ವಿಧಾನ 1980ರ ದಶಕದಲ್ಲಿ ಪ್ರಚಾರಕ್ಕೆ ಬಂದುದರಿಂದ ಉತ್ತಮ ಮರವನ್ನು ಅದರ ಗುಣ ಕೆಡದಂತೆ ಸಾವಿರಗಟ್ಟಲೆ ವೃದ್ಧಿಸುವುದು ಸಾಧ್ಯವಾಯಿತು.

ಅದರೊಡನೆ ಆರೈಕೆಯ ಕ್ರಮವೂ ಬದಲಾಯಿತು. ಏಳೂವರೆ ಅಥವಾ ಎಂಟು ಮೀಟರ್ ಅಂತರ, ಎರಡಡಿ ಗುಂಡಿ, ಇಳಿಜಾರಿನಲ್ಲಿ ಅರ್ಧಚಂದ್ರಾಕಾರದ ಕಟ್ಟೆ, ಗಾಳಿಗೆ ಕಸಿ ಮುರಿಯದಂತೆ ಊರುಗೋಲು, ಕಸಿಗಂಟಿನ ಕೆಳಗೆ ಹುಟ್ಟುವ ಚಿಗುರನ್ನು ಚಿವುಟುವುದು, ಮೊದಲ ಎರಡು ವರ್ಷದ ಹೂಗೊಂಚಲನ್ನು ತೆಗೆಯುವುದು, ಬೆಳೆದ ಮರಕ್ಕೆ ವರ್ಷಕ್ಕೆ 500 ಗ್ರಾಂ ಸಾರಜನಕ ಹಾಗೂ ತಲಾ 125 ಗ್ರಾಂ ರಂಜಕ ಮತ್ತು ಪೊಟ್ಯಾಷ್ ನೀಡುವುದು ಇವು ಇಂದು ಮನೆತೋಟದವನಿಗೂ ಪರಿಚಿತವಾಗಿವೆ. ಇದರಿಂದ ಇಳುವರಿ ಹೆಚ್ಚಿತೆಂಬುದು ನಿರ್ವಿವಾದ. ಹಳೆಯ ಹಿತ್ತಲಿನ ಮರಗಳಲ್ಲಿ ಹಲವು ವರ್ಷಕ್ಕೆ ಒಂದೆರಡು ಕಿಲೋ ಬೀಜವನ್ನಷ್ಟೇ ಕೊಡುತ್ತಿದ್ದವು. ಹಿಂದಿನ ಪದ್ಧತಿಯನ್ನು ಆದರ್ಶೀಕರಿಸುವುದು ಈ ಪ್ರಬಂಧದ ಉದ್ದೇಶವಲ್ಲ.

ಆದರೆ ಒಂದು ಸಂಗತಿಯನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ. ಬಿಡುಗಡೆಯಾದ ತಳಿಗಳಲ್ಲಿ ಅನೇಕವು ಬೀಜದಿಂದ ಬೆಳೆದ ಮರಗಳ ನಡುವಿನಿಂದ ಆಯ್ದವುಗಳೇ ಆಗಿವೆ. 1984ರಲ್ಲಿ ಬಂದ ಉಳ್ಳಾಲ-1 ತಳಿಗೆ ಕೇರಳದ ತಳಿಪರಂಬದಿಂದ ತಂದ ಬೀಜ ಮೂಲ. 1993ರ ಉಳ್ಳಾಲ-3ಕ್ಕೆ ಮಂಜೇರಿಯ ಬೀಜ ಮೂಲ. 2006ರ ಭಾಸ್ಕರ ತಳಿ ಗೋವೆಯಿಂದ ತಂದ ಬೀಜದ ಸಂತಾನದ ಆಯ್ಕೆ. ಪುತ್ತೂರಿನ ರಾಷ್ಟ್ರೀಯ ತಳಿ ಸಂಗ್ರಹದಲ್ಲಿ 500ಕ್ಕೂ ಮಿಕ್ಕ ಮಾದರಿಗಳಿವೆ. ಅಲ್ಲಿ ಪ್ರತಿಯೊಂದು ಮಾದರಿಗೂ ಸಂಖ್ಯೆಯಿದೆ, ಬಂದ ಊರಿನ ದಾಖಲೆಯಿದೆ. ನೀರಿಗೆ ಹಾಕಿ ಬೀಜ ಆಯ್ದು, ಒಳ್ಳೆಯ ಮರದ ಸಂತಾನವನ್ನು ತಲೆಮಾರುಗಳ ಕಾಲ ಮುಂದುವರಿಸಿದವರ ದಾಖಲೆ ಮಾತ್ರ ಎಲ್ಲಿಯೂ ಇಲ್ಲ. ವಿಜ್ಞಾನಿಯ ಆಯ್ಕೆ ಎಲ್ಲಿ ಆರಂಭವಾಯಿತೋ ಅಲ್ಲಿಗೆ ಗೃಹಿಣಿಯ ಆಯ್ಕೆ ಆ ಬೀಜವನ್ನು ಮೊದಲೇ ತಂದು ಮುಟ್ಟಿಸಿತ್ತು.

ನೆಡುತೋಪು ಮತ್ತು ಅದರ ಬೆಲೆ

ಸ್ವಾತಂತ್ರ್ಯಾನಂತರ ಸರಕಾರವು ಗೇರನ್ನು ಗುಡ್ಡಗಳ ನೆಡುತೋಪಿನ ಬೆಳೆಯಾಗಿ ವಿಸ್ತರಿಸಿತು. ಅರಣ್ಯ ಇಲಾಖೆ ಬೆಳೆಸಿದ ತೋಪುಗಳನ್ನು ನೋಡಿಕೊಳ್ಳಲು 1978ರಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮ ಮಂಗಳೂರಿನಲ್ಲಿ ಸ್ಥಾಪನೆಗೊಂಡಿತು. ಇದೇ ಅವಧಿಯಲ್ಲಿ ಗಡಿಯಾಚೆಯ ಕಾಸರಗೋಡಿನಲ್ಲಿ ಕೇರಳದ ಪ್ಲಾಂಟೇಶನ್ ನಿಗಮದ ತೋಪುಗಳೂ ಬೆಳೆದವು. ಸಾವಿರಾರು ಹೆಕ್ಟೇರಿನಲ್ಲಿ ಒಂದೇ ಮರವಿದ್ದಾಗ ಅದರ ಶತ್ರುವಿಗೂ ಅದೇ ಪ್ರಮಾಣದ ಆಹಾರ ದೊರೆಯುತ್ತದೆ. ಟೀ ಸೊಳ್ಳೆಯ ನಿವಾರಣೆಗೆಂದು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಕಾಸರಗೋಡಿನಲ್ಲಿ 1970ರ ದಶಕದ ಕೊನೆಯಿಂದ 2000ದವರೆಗೆ ಇದು ನಡೆಯಿತು. ಕನ್ನಡಿಗರೇ ಹೆಚ್ಚಾಗಿರುವ ಎಣ್ಮಕಜೆಯ ಪಡ್ರೆ ಮುಂತಾದ ಊರುಗಳಲ್ಲಿಯೂ, ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ, ನಿಡ್ಲೆ ಮುಂತಾದ ಗ್ರಾಮಗಳಲ್ಲಿಯೂ ಅಂಗವೈಕಲ್ಯ ಮತ್ತು ನರಸಂಬಂಧಿ ಕಾಯಿಲೆಗಳಿಂದ ಬಳಲುವ ಮಕ್ಕಳ ಸ್ಥಿತಿ ನಾಡಿನ ಗಮನ ಸೆಳೆಯಿತು. ಸ್ಥಳೀಯ ವೈದ್ಯರು, ಪತ್ರಕರ್ತರು ಮತ್ತು ತಾಯಂದಿರ ದೀರ್ಘ ಹೋರಾಟದ ಫಲವಾಗಿ 2011ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವಿಷದ ತಯಾರಿಕೆ ಮತ್ತು ಬಳಕೆಯನ್ನು ನಿಷೇಧಿಸಿತು. 2017ರಲ್ಲಿ ಅದೇ ನ್ಯಾಯಾಲಯ ಕೇರಳದ ಸಂತ್ರಸ್ತರಿಗೆ ಪರಿಹಾರ ಕೊಡಲು ಆದೇಶಿಸಿತು.

ಹಿತ್ತಲಿನ ಗೇರಿಗೂ ನೆಡುತೋಪಿನ ಗೇರಿಗೂ ಸಸ್ಯಶಾಸ್ತ್ರದ ದೃಷ್ಟಿಯಿಂದ ಭೇದವಿಲ್ಲ. ಸಂಬಂಧದ ದೃಷ್ಟಿಯಿಂದ ಇರುವ ಭೇದ ಅಪಾರ. ಹಿತ್ತಲಿನಲ್ಲಿ ಮರ, ಬಾವಿ, ದನ ಮತ್ತು ಮಗು ಒಂದೇ ಕಣ್ಣಳತೆಯಲ್ಲಿದ್ದವು. ಮರಕ್ಕೆ ಮಾಡಿದ್ದು ಮನೆಗೆ ತಟ್ಟುತ್ತದೆಯೆಂಬ ಅರಿವು ಆರೈಕೆಯ ಒಳಗೇ ಸೇರಿತ್ತು. ನೆಡುತೋಪಿನಲ್ಲಿ ನಿರ್ಧಾರ ಮಾಡುವವನ ಬಾವಿ ಬೇರೆ, ವಿಷ ಬಿದ್ದ ಬಾವಿ ಬೇರೆ. ಮನೆತೋಟದ ಚರಿತ್ರೆಯನ್ನು ಕೃಷಿ ಚರಿತ್ರೆಯ ಅಡಿಟಿಪ್ಪಣಿಯಾಗಿಸಿದ್ದರಿಂದ ನಾವು ಕಳೆದುಕೊಂಡದ್ದು ಈ ವಿವೇಕವನ್ನೇ.

ಉಪಸಂಹಾರ

ಮೇಲಿನ ಚರ್ಚೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಮೊದಲನೆಯದಾಗಿ, ಕನ್ನಡ ಮತ್ತು ನೆರೆಯ ಭಾಷೆಗಳಲ್ಲಿ ಭಲ್ಲಾತಕದ ಹೆಸರುಗಳು ಗೇರಿಗೆ ಪಲ್ಲಟಗೊಂಡಿರುವುದು ಈ ಮರವು ಜನಜೀವನದೊಳಗೆ ಹಣ್ಣಿನ ಮತ್ತು ಬೀಜದ ಮರವಾಗಿಯೇ ಪ್ರವೇಶಿಸಿತೆಂಬುದನ್ನು ಸೂಚಿಸುತ್ತದೆ. ಎರಡನೆಯದಾಗಿ, ಅದರ ಹರಹಿಗೆ ಮುರಕಲ್ಲಿನ ಮಣ್ಣಿನಂತೆ ಕುಮ್ಕಿ ಮತ್ತು ಗೇಣಿಯ ವ್ಯವಸ್ಥೆಗಳೂ ಕಾರಣಗಳಾಗಿವೆ. ಮೂರನೆಯದಾಗಿ, ಆಧುನಿಕ ತಳಿಗಳ ಹಿಂದೆ ಹೆಸರಿಲ್ಲದ ಗೃಹಸ್ಥರ, ಮುಖ್ಯವಾಗಿ ಹೆಂಗಸರ, ಆಯ್ಕೆಯ ಪರಂಪರೆಯಿದೆ.

ಇಂದು ಹಿತ್ತಲುಗಳು ಕಿರಿದಾಗುತ್ತಿವೆ. ಹಳೆಯ ಬೀಜದ ಮರಗಳನ್ನು ಕಡಿದು ರಬ್ಬರ್, ಅಡಕೆ ಅಥವಾ ಹೊಸ ಮನೆಗಳಿಗೆ ಜಾಗ ಮಾಡಲಾಗುತ್ತಿದೆ. ಮರದ ಜೀವದ್ರವ್ಯವನ್ನು ಸಂಶೋಧನಾ ಕೇಂದ್ರಗಳು ಒಂದು ಮಟ್ಟಿಗೆ ಕಾಪಾಡಿವೆ. ಮರದೊಡನೆ ಬಾಳಿದವರ ಅರಿವನ್ನು ಕಾಪಾಡುವ ಸಂಗ್ರಹ ಇನ್ನೂ ಹುಟ್ಟಬೇಕಾಗಿದೆ. ಯಾವ ಮರದ ಬೀಜ ಯಾವ ಮನೆಯಿಂದ ಬಂತು, ಯಾವ ಮಗಳು ಅದನ್ನು ತನ್ನ ಗಂಡನ ಮನೆಗೆ ಒಯ್ದಳು, ಯಾವ ಮರಕ್ಕೆ ಮನೆಯವರು ಯಾವ ಹೆಸರಿಟ್ಟಿದ್ದರು ಎಂಬಂತಹ ವಿವರಗಳು ಕಡತಗಳಲ್ಲಿ ಸಿಗುವುದಿಲ್ಲ. ಎಂಬತ್ತು ದಾಟಿದ ಕೆಲವರ ನೆನಪಿನಲ್ಲಿ ಮಾತ್ರ ಇವೆ. ಕ್ಷೇತ್ರಕಾರ್ಯಕ್ಕೆ ತೊಡಗುವ ತರುಣ ಸಂಶೋಧಕರು ಗ್ರಾಮದ ದೇವಾಲಯ ಮತ್ತು ಶಾಸನಗಳನ್ನು ನೋಡಿದ ಬಳಿಕ ಆ ಊರಿನ ಒಂದೆರಡು ಹಿತ್ತಲುಗಳಿಗೂ ಕಾಲಿಟ್ಟು, ಅಲ್ಲಿಯ ಮರಗಳ ವಂಶಾವಳಿಯನ್ನು ಕೇಳಿ ಬರೆದುಕೊಳ್ಳುವುದು ಅಗತ್ಯ. ಈ ಕೆಲಸಕ್ಕೆ ಉಳಿದಿರುವ ಕಾಲ ಹೆಚ್ಚಿಲ್ಲ.